ಇಕ್ಕಳ ಹಾಕಿದ ಲಾಕು

ಅವಳನ್ನು ಮನೆಮಂದಿಯೆಲ್ಲ ಇಕ್ಕಳ ಅಂತಲೇ ಕರೆಯುವುದು. ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಕಾರಣ ಮಾತ್ರ ಎಲ್ಲರಿಗೂ ಗೊತ್ತು. ಒಂದು ವಿಷಯವನ್ನು ಕಚ್ಚಿ ಹಿಡಿದಳೆಂದರೆ ಬಿಡುವ ಪೈಕಿಯಲ್ಲ. ಚಿಕ್ಕಂದಿನಲ್ಲಿ ಗೋಡೆ ಗಡಿಯಾರ, ಅಪ್ಪನ ರೇಡಿಯೊ, ಪಕ್ಕದ ಮನೆಯವರ ಹೊಲಿಗೆ ಮಿಷನ್ನು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದಳು. ಬಿಚ್ಚುವುದರಲ್ಲಿ ಇದ್ದ ಉತ್ಸಾಹ ಜೋಡಿಸುವಾಗ ಇರುತ್ತಿರಲಿಲ್ಲ. ರೇಡಿಯೊವಂತೂ ಕೊನೆಗೂ ಬಾಯಿ ಬಿಡಲಿಲ್ಲ. ಈಗ ಅವಳಿಗೆ ಐವತ್ತು ದಾಟಿದೆ, ಕೂದಲು ಅರ್ಧ ಬೆಳ್ಳಗಾಗಿದೆ, ಪಂಪು ರಿಪೇರಿಯ ಅಂಗಡಿಯೊಂದರಲ್ಲಿ ಕಬ್ಬಿಣ ಕಡೆಯುವ ಲೇತು ಅವಳ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಆದರೂ ಅವಳ ಅಕ್ಕ ಮಾತ್ರ ಆ ರೇಡಿಯೊ ಮರೆತವಳಲ್ಲ.

ಅಕ್ಕನದು ಊರಂಚಿನ ಇಳಿಜಾರಿನಲ್ಲಿ ಒಂದು ನರ್ಸರಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಗೋಡೆ ಕಟ್ಟಿ ಮಾಡಿದ ಜಾಗ. ಕೆಳಗೆ ರಸ್ತೆ ಪಕ್ಕ ಶೆಡ್ಡು, ಮಣ್ಣಿನ ಗುಡ್ಡೆ, ಗೊಬ್ಬರದ ಚೀಲಗಳು. ನಡುವೆ ಹೂಗಿಡಗಳ ಸಾಲು. ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ಬಿಸಿಲು ಬೀಳುವ ಮೇಲಿನ ಹಂತದಲ್ಲಿ, ದೊಡ್ಡ ದೊಡ್ಡ ಕುಂಡಗಳಲ್ಲಿ ಹಣ್ಣಿನ ಗಿಡಗಳು. ಅವು ಅಕ್ಕನ ಕಣ್ಮಣಿಗಳು. ಕಸಿ ಕಟ್ಟಿದ್ದು ಅವಳೇ, ಒಂದೊಂದಕ್ಕೂ ಆಸರೆ ಕೋಲು ನೆಟ್ಟದ್ದು ಅವಳೇ. ಆ ಹಂತಕ್ಕೆ ಮಣ್ಣು ಏರಿಸಲು, ಬೆಳೆದ ಗಿಡ ಇಳಿಸಲು ಇದ್ದದ್ದು ಒಂದೇ ಸಾಧನ, ಆಳೆತ್ತರವೂ ಇಲ್ಲದ ಒಂದು ಪುಟ್ಟ ತೋಟದ ಟ್ರ್ಯಾಕ್ಟರು. ಓಡಿಸುವವರು ಭಾವ.

ಆ ಟ್ರ್ಯಾಕ್ಟರಿಗೆ ಒಂದು ಹುಟ್ಟುಗುಣವಿತ್ತು. ನೆಲ ಒಣಗಿದ್ದರೆ ಗುರುಗುಟ್ಟಿಕೊಂಡಾದರೂ ಏರುತ್ತಿತ್ತು. ಹುಲ್ಲಿನ ಮೇಲೆ ಇಬ್ಬನಿ ಬಿದ್ದಿದ್ದರೂ ಸಾಕು, ಎಡಗಡೆಯ ಹಿಂಚಕ್ರ ನಿಂತಲ್ಲೇ ಗಿರಗಿರನೆ ತಿರುಗಲು ಶುರು. ಬಲಚಕ್ರವೋ, ಮದುವೆ ಮನೆಗೆ ಬಂದ ಬೀಗರ ಹಾಗೆ ಕೈಕಟ್ಟಿ ಕೂತಿರುತ್ತಿತ್ತು. ಭಾವ ಕಲ್ಲು ಕೊಟ್ಟು ನೋಡಿದರು, ಗೋಣಿಚೀಲ ಹಾಸಿ ನೋಡಿದರು, ಎಡಗಡೆಯ ಮಡ್‌ಗಾರ್ಡಿನ ಮೇಲೆ ಗೊಬ್ಬರದ ಚೀಲ ಹೇರಿ ನೋಡಿದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕಾಗಿರೋದೂ ನಿಜ, ಇವಳಿಗೆ ಕುಣಿಯೋಕೆ ಬರದೆ ಇರೋದೂ ನಿಜ," ಎಂದು ಟ್ರ್ಯಾಕ್ಟರಿನ ಬಾನೆಟ್ಟು ತಟ್ಟಿ ನಗುತ್ತಿದ್ದರು.

ನಗು ಒಂದು ದಿನ ನಿಂತಿತು. ತುಂತುರು ಮಳೆ ನಿಂತ ಬೆಳಗ್ಗೆ, ಟ್ರೈಲರಿನ ತುಂಬ ಮಣ್ಣು ಹೇರಿಕೊಂಡು ಭಾವ ಅರ್ಧ ಏರು ಏರಿದ್ದರು. ಎಡಚಕ್ರ ಹುಲ್ಲನ್ನು ಉಜ್ಜಿ ನೆಲವನ್ನು ಕನ್ನಡಿ ಮಾಡಿತು. ಬ್ರೇಕು ಹಾಕಿ, ಚಕ್ರದ ಕೆಳಗೆ ಚೀಲ ತುರುಕಲು ಅವರು ಇಳಿದರು. ಬ್ರೇಕು ಒಂದು ಗಳಿಗೆ ಹಿಡಿಯಿತು, ಆಮೇಲೆ ಇಡೀ ಗಾಡಿ ಜಾರಿತು. ಟ್ರೈಲರು ಅಡ್ಡ ತಿರುಗಿ ಅವರ ಕಾಲನ್ನು ಕಲ್ಲಿನ ಗೋಡೆಗೆ ಒತ್ತಿ ನಿಂತಿತು. ಅಕ್ಕನೂ ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನೂ ಸೇರಿ ಮಣ್ಣು ಹೊರಗೆ ಸುರಿದು, ಟ್ರೈಲರು ಎತ್ತಿ ಬಿಡಿಸಿದರು. ಪಾದದ ಗಂಟು ಮುರಿದಿತ್ತು.

ಭಾವ ಮೊಣಕಾಲಿನವರೆಗೂ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ಸಂಜೆ, ಇಕ್ಕಳ ಅಂಗಡಿಯಿಂದ ನೇರ ಅಲ್ಲಿಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು, "ಮೇಲಿನ ಹಂತ ಬಿಟ್ಟುಬಿಡೋಣ ಅಂತಿದ್ದೀನಿ."

"ಗಿಡಗಳು?"

"ಯಾರಿಗಾದರೂ ಕೊಟ್ಟರಾಯಿತು. ಗಿಡ ಮತ್ತೆ ಬೆಳೆಸಬಹುದು. ಕಾಲು ಬೆಳೆಸೋಕಾಗುತ್ತಾ?"

ಮಾತು ಸರಿಯೇ ಇತ್ತು. ಆದರೆ ಹೇಳುವಾಗ ಅಕ್ಕ ಟೀಯನ್ನು ಲೋಟದ ಹೊರಗೆ ಸೋಸಿದಳು. ಒರೆಸಲೂ ಇಲ್ಲ. ಇಕ್ಕಳ ಅದನ್ನು ನೋಡಿದಳು.

"ಟ್ರ್ಯಾಕ್ಟರು ಸ್ವಲ್ಪ ದಿನ ನನ್ನ ಕೈಗೆ ಕೊಡ್ತೀಯಾ?" ಎಂದಳು.

"ಕೊಟ್ಟರೆ ತಿರುಗಿ ಬರುವಾಗ ಟ್ರ್ಯಾಕ್ಟರಾಗೇ ಬರುತ್ತಾ?"

ಒಳಗಿನ ಕೋಣೆಯಿಂದ ಭಾವ ಕೂಗಿ ಹೇಳಿದರು, "ಕೊಡೇ ಮಾರಾಯ್ತಿ. ಈಗ ಹೇಗಿದ್ದರೂ ನಾನೂ ಅದೂ ಇಬ್ಬರೂ ಮೂಲೆ ಸೇರಿದ್ದೀವಿ."

ಟೀ ಕೊಡುವ ನೆಪದಲ್ಲಿ ಇಕ್ಕಳ ಅವರ ಮಂಚದ ಪಕ್ಕ ಕೂತಳು. ಭಾವನಿಗೆ ಮಾತು ಬೇಕಿತ್ತು, ಅವಳಿಗೆ ಕೇಳುವ ಕಿವಿ ಬೇಕಿತ್ತು.

"ನೋಡಿ ಭಾವ, ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೂ ಹಂಚಿ ಹೋಗಬೇಕು. ನಡುವೆ ಡಿಫರೆನ್ಷಿಯಲ್ ಅಂತ ಒಂದು ಡಬ್ಬಿ ಇದೆ, ಅದರೊಳಗೆ ಗೇರುಗಳಿವೆ. ತಿರುವಿನಲ್ಲಿ ಹೊರಗಡೆ ಚಕ್ರ ಜಾಸ್ತಿ ಓಡಬೇಕು, ಒಳಗಡೇದು ಕಡಿಮೆ. ಹಾಗಾಗಿ ಎರಡನ್ನೂ ಅವುಗಳ ಪಾಡಿಗೆ ಬಿಡೋದೇ ಆ ಡಬ್ಬಿ ಕೆಲಸ. ತೊಂದರೆ ಏನಂದರೆ, ಒಂದು ಜಾರಿದರೆ ಓಟವೆಲ್ಲ ಅದಕ್ಕೇ ಹೋಗುತ್ತೆ. ಇನ್ನೊಂದು ಅಲ್ಲಾಡೋದೇ ಇಲ್ಲ."

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು."

"ಅದಕ್ಕಿಂತ ಕಷ್ಟ. ಇಲ್ಲಿ ಕೋಣ ನಿಂತಲ್ಲೇ ಕುಣೀತಿದೆ, ಎತ್ತು ನೋಡ್ತಾ ನಿಂತಿದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಬೇಕು."

"ಕಟ್ಟಿಬಿಡು ಮತ್ತೆ."

"ಕಟ್ಟೋದು ಸುಲಭ. ಗೇರುಗಳನ್ನ ವೆಲ್ಡಿಂಗ್ ಮಾಡಿಬಿಟ್ಟರೆ ಎರಡೂ ಚಕ್ರ ಯಾವಾಗಲೂ ಜೊತೆಗೇ ತಿರುಗುತ್ತೆ. ಆಮೇಲೆ ಗಾಡಿ ಮೂಗಿನ ನೇರಕ್ಕೆ ಹೋಗುತ್ತೆ, ತಿರುವು ಅಂದರೆ ಮುಖ ಸಿಂಡರಿಸುತ್ತೆ. ಅಕ್ಕನ ಸಾಲುಗಳ ಮಧ್ಯೆ ಅದು ನಡೆಯಲ್ಲ. ಬೇಕಾದಾಗ ಬೀಗ ಬೀಳಬೇಕು, ಬೇಡ ಅಂದಾಗ ಬಿಡಬೇಕು."

ಭಾವ ಟೀ ಕುಡಿದು ಮುಗಿಸಿ, "ನನಗೂ ನಿಮ್ಮಕ್ಕನಿಗೂ ಅಂಥದ್ದೊಂದು ಮಾಡಿಕೊಡು," ಎಂದರು.

ಮುಂದಿನ ರಜಾದಿನ ಇಕ್ಕಳ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಹಿಂಭಾಗವನ್ನು ದಿಮ್ಮಿಗಳ ಮೇಲೆ ಏರಿಸಿ, ಚಕ್ರ ಕಳಚಿ, ಅದನ್ನು ತಿರುಗಿಸುವ ಆಕ್ಸಲ್ಲು ಹೊರಗೆಳೆದಳು. ಕಪ್ಪು ಎಣ್ಣೆ ತಟ್ಟೆಗೆ ಸುರಿಯಿತು. ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆ ಬೆಡ್‌ಶೀಟಿನ ಮೇಲೆ ಸಾಲಾಗಿ ಇಟ್ಟಳು. ಅಕ್ಕ ಬಾಗಿಲಿಗೆ ಬಂದು ನಿಂತು ಆ ಹರವನ್ನು ನೋಡಿದಳು, ತಿರುಗಿ ಹೋದಳು. ಅವಳ ಬೆನ್ನಿನಲ್ಲೇ ಆ ರೇಡಿಯೊ ಕಾಣುತ್ತಿತ್ತು.

ಇಕ್ಕಳನ ಯೋಚನೆ ಹೀಗಿತ್ತು. ಗೇರಿನ ಡಬ್ಬಿಯ ಪಕ್ಕದ ಮುಖದಲ್ಲಿ ಸುತ್ತಲೂ ತೂತು ಕೊರೆಯುವುದು. ಆಕ್ಸಲ್ಲಿನ ಮೇಲೆ ಹಿಂದೆ ಮುಂದೆ ಸರಿಯುವ, ಆದರೆ ಆಕ್ಸಲ್ಲನ್ನು ಬಿಟ್ಟು ತಾನೇ ತಿರುಗಲಾರದ ಒಂದು ದಪ್ಪ ಬಳೆ ಮಾಡುವುದು. ಬಳೆಗೆ ಗಟ್ಟಿ ಉಕ್ಕಿನ ಪಿನ್ನುಗಳು. ಪೆಡಲು ತುಳಿದರೆ ಬಳೆ ಸರಿದು ಪಿನ್ನುಗಳು ತೂತಿನೊಳಗೆ ಹೋಗಬೇಕು. ಆಗ ಆಕ್ಸಲ್ಲು, ಡಬ್ಬಿ, ಎರಡೂ ಚಕ್ರ ಒಂದೇ ಆಗುತ್ತವೆ. ಕಾಲು ತೆಗೆದರೆ ಸ್ಪ್ರಿಂಗು ಬಳೆಯನ್ನು ಹಿಂದಕ್ಕೆಳೆಯಬೇಕು.

ಆದರೆ ಒಳಗೆ ಬಳೆ ಕೂರುವಷ್ಟು ಜಾಗವೇ ಇರಲಿಲ್ಲ. ಅವಳು ಆಕ್ಸಲ್ಲಿನ ಕೊಳವೆಗೂ ಗೇರು ಪೆಟ್ಟಿಗೆಗೂ ನಡುವೆ ಒಂದು ಉಂಗುರ ಕೊಟ್ಟು ಜಾಗ ಮಾಡಿದಳು. ಅದಕ್ಕೆ ತಕ್ಕ ಹಾಗೆ ಆ ಕಡೆಯ ಆಕ್ಸಲ್ಲು ಉದ್ದವಾಗಬೇಕಾಯಿತು. ಒಂದು ಕೆಲಸ ಇನ್ನೊಂದನ್ನು ಹೆರುತ್ತ ಹೋಯಿತು. ಪಂಪಿನಂಗಡಿಯ ಯಜಮಾನರು ಗುಜರಿ ಮೂಲೆಯಿಂದ ದೊಡ್ಡ ಪಂಪೊಂದರ ಹಳೆಯ ಶಾಫ್ಟು ಎಳೆದು ಅವಳ ಮುಂದೆ ಹಾಕಿ, "ಇದು ಒಳ್ಳೇ ಉಕ್ಕು. ನಿಮ್ಮ ಕೈಯಲ್ಲಾದರೂ ಇನ್ನೊಂದು ಜನ್ಮ ಎತ್ತಲಿ," ಎಂದರು. ಅಂಗಡಿ ಕೆಲಸ ಮುಗಿದ ಮೇಲೆ ಸಂಜೆಯ ಬೆಳಕು ಕಿಟಕಿಯಲ್ಲಿರುವವರೆಗೂ ಅವಳು ಲೇತಿನ ಮುಂದೆ ನಿಲ್ಲುತ್ತಿದ್ದಳು. ಉಕ್ಕಿನ ಸಿಪ್ಪೆ ನೀಲಿ ಬಣ್ಣಕ್ಕೆ ತಿರುಗಿ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಪಿನ್ನುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ, ಅರ ಉಜ್ಜಿ ನೋಡಿದಳು. ಅರ ಜಾರಿತು. ಪಿನ್ನು ಗಟ್ಟಿಯಾಗಿತ್ತು.

ಜೋಡಿಸಿದ ದಿನ ಇಕ್ಕಳನೇ ಓಡಿಸಿದಳು. ಖಾಲಿ ಟ್ರೈಲರು. ಇಳಿಜಾರಿನ ಬುಡದಲ್ಲಿ ಪೆಡಲು ತುಳಿದಾಗ ಒಳಗೆ ಟಕ್ ಎಂದಿತು. ಟ್ರ್ಯಾಕ್ಟರು ಒಂದೇ ಸಮನೆ ಏರಿತು. ಎರಡೂ ಚಕ್ರ ನೆಲ ಕಚ್ಚಿ ಎಳೆಯುವುದು ಅವಳಿಗೆ ಸೀಟಿನಲ್ಲೇ ಗೊತ್ತಾಯಿತು. ಮೇಲೆ ಹೋಗಿ, ಕಾಲು ತೆಗೆದು, ಸ್ಟೇರಿಂಗು ತಿರುಗಿಸಿದಳು. ಮುಂಚಕ್ರಗಳು ತಿರುಗಿದವು, ಗಾಡಿ ತಿರುಗಲಿಲ್ಲ. ಬೀಗ ಬಿಟ್ಟಿರಲಿಲ್ಲ. ಬ್ರೇಕು ಹಿಡಿಯುವಷ್ಟರಲ್ಲಿ ಟ್ರ್ಯಾಕ್ಟರು ಮೂಗಿನ ನೇರಕ್ಕೆ ಹೋಗಿ ಅಕ್ಕನ ಕುಂಡಗಳ ಸಾಲಿಗೆ ನುಗ್ಗಿತು.

ಅಕ್ಕ ಓಡಿ ಬಂದಳು. ಬೈಯಲಿಲ್ಲ. ಮುರಿದ ಕಸಿ ಗಿಡವೊಂದನ್ನು ಎತ್ತಿ, ಕಟ್ಟಿದ ಗಂಟಿನಲ್ಲೇ ಸೀಳಿರುವುದನ್ನು ನೋಡಿ, ಮೆಲ್ಲಗೆ ಕೆಳಗಿಟ್ಟಳು.

"ಮೊದಲು ಏರ್ತಿರಲಿಲ್ಲ, ಆದರೆ ತಿರುಗ್ತಿತ್ತು," ಎಂದಳು.

ಬೈದಿದ್ದರೆ ಇಕ್ಕಳ ಸಹಿಸಿಕೊಳ್ಳುತ್ತಿದ್ದಳು. ಈ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ತಪ್ಪೆಲ್ಲಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಏರುವಾಗ ಒಂದು ಚಕ್ರ ಹೆಚ್ಚು ಎಳೆಯುತ್ತದೆ, ಇನ್ನೊಂದು ಕಡಿಮೆ. ಆ ತಿರುಚು ಪಿನ್ನುಗಳನ್ನು ತೂತಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಸ್ಪ್ರಿಂಗಿಗೆ ಎಳೆಯಲು ಆಗುವುದಿಲ್ಲ. ತಪ್ಪು ಗೊತ್ತಾದರೂ ದಾರಿ ಗೊತ್ತಾಗಲಿಲ್ಲ. ಇನ್ನೂ ಬಲವಾದ ಸ್ಪ್ರಿಂಗು ಹಾಕಿದಳು. ಬಳೆಯನ್ನು ಸರಿಸುವ ಕವೆಯೇ ಬಗ್ಗಿತು. ಕವೆ ದಪ್ಪ ಮಾಡಿದಳು. ಪೆಡಲು ತುಳಿಯಲು ಎರಡು ಕಾಲು ಬೇಕಾಯಿತು. ತೂತುಗಳನ್ನು ಸಡಿಲ ಮಾಡಿದಳು. ಕಟಕಟ ಸದ್ದು ಜಾಸ್ತಿಯಾಯಿತೇ ಹೊರತು ಬೀಗ ಬಿಡಲಿಲ್ಲ. ಯಜಮಾನರು ಒಂದು ಸಂಜೆ ಪಕ್ಕ ನಿಂತು ನೋಡಿ, "ಹೋಗಲಿ ಬಿಡಿ, ಮನುಷ್ಯರು ಮಾಡೋ ಕೆಲಸಕ್ಕೂ ಒಂದು ಮಿತಿ ಇರುತ್ತೆ," ಎಂದರು. ಇಕ್ಕಳ ತಲೆಯಾಡಿಸಿ ಮತ್ತೆ ಅರ ಎತ್ತಿಕೊಂಡಳು.

ಆ ದಿನಗಳಲ್ಲಿ ಅಕ್ಕ ಅವಳೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ಇಕ್ಕಳ ಶೆಡ್ಡಿನ ಹೊಸ್ತಿಲ ಮೇಲೆ ಕೂತು, ಕೈಯಲ್ಲಿ ಪಿನ್ನೊಂದನ್ನು ಹೊರಳಿಸುತ್ತಿದ್ದಳು. ಎದುರಿಗೆ ಅಕ್ಕ ಸಸಿಗಳನ್ನು ಸಣ್ಣ ಕುಂಡದಿಂದ ದೊಡ್ಡ ಕುಂಡಕ್ಕೆ ಬದಲಾಯಿಸುತ್ತಿದ್ದಳು. ಕುಂಡ ತಲೆಕೆಳಗು ಮಾಡುವುದು, ಅಂಚಿಗೆ ಒಂದು ತಟ್ಟು ತಟ್ಟುವುದು, ಮಣ್ಣಿನ ಮುದ್ದೆಯೆಲ್ಲ ಬೇರಿನ ಸಮೇತ ಕೈಗೆ ಇಳಿಯುವುದು. ಮತ್ತೊಂದು. ಮತ್ತೊಂದು. ಆಮೇಲೆ ಯಾರೋ ಗಿಡ ನೆಟ್ಟಿದ್ದ ಒಂದು ನೇರ ಡಬ್ಬ ಕೈಗೆ ಸಿಕ್ಕಿತು. ಅಕ್ಕ ತಟ್ಟಿದಳು, ಬಡಿದಳು, ಎಳೆದಳು. ಬರಲಿಲ್ಲ. ಕೊನೆಗೆ ಚಾಕು ತಗೊಂಡು ಡಬ್ಬವನ್ನೇ ಕತ್ತರಿಸಿದಳು.

"ಅದು ಯಾಕೆ ಬರಲಿಲ್ಲ?" ಇಕ್ಕಳ ಕೇಳಿದಳು.

"ಡಬ್ಬಕ್ಕೆ ಇಳಿಜಾರು ಎಲ್ಲಿದೆ? ಕುಂಡ ಬುಡಕ್ಕೆ ಹೋಗ್ತಾ ಸಣ್ಣ ಆಗುತ್ತೆ ನೋಡು. ಒಂಚೂರು ಅಲ್ಲಾಡಿದರೂ ಸುತ್ತಲೂ ಬಿಡುವು ಆಗುತ್ತೆ. ನೇರ ಗೋಡೆ ಇದ್ದರೆ ಕೊನೇವರೆಗೂ ಉಜ್ಜಿಕೊಂಡೇ ಬರಬೇಕು."

ಇಕ್ಕಳ ಕೈಯಲ್ಲಿದ್ದ ಪಿನ್ನನ್ನು ನೋಡಿದಳು. ಕಂಬದ ಹಾಗೆ ನೇರ.

"ಅಕ್ಕ, ತುಂಬ ಇಳಿಜಾರು ಇದ್ದರೆ?"

"ತಟ್ಟೆ ಆಗುತ್ತೆ. ಗಾಳಿ ಬಂದರೂ ಗಿಡ ಹೊರಗೆ ಬೀಳುತ್ತೆ. ಯಾಕೆ?"

ಇಕ್ಕಳ ಎದ್ದು ಬಂದು ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಣ್ಣಿನ ಕೈಗೆ ಪಿನ್ನು ಕೊಟ್ಟು, ಬಳೆ, ತೂತು, ತಿರುಚು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಕ್ಕ ಇಷ್ಟು ದಿನ ಒಮ್ಮೆಯೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಅಕ್ಕ ಪಿನ್ನನ್ನು ಖಾಲಿ ಕುಂಡದ ಬುಡದ ತೂತಿಗೆ ತೂರಿಸಿ, ಪಕ್ಕಕ್ಕೆ ಒತ್ತಿ, ಎಳೆದು ನೋಡಿದಳು.

"ಸಿಕ್ಕಿಕೊಳ್ತದೆ," ಎಂದಳು. "ತುದಿ ಸಣ್ಣ ಮಾಡು. ತೂತೂ ಅದೇ ಥರ ಇರಲಿ. ಕಣ್ಣಿಗೆ ಕಾಣಬಾರದು, ಕೈಗೆ ಮಾತ್ರ ಗೊತ್ತಾಗಬೇಕು, ಅಷ್ಟು."

ಲೇತಿನ ಕೆಲಸಕ್ಕೆ ಅದಕ್ಕಿಂತ ಸರಿಯಾದ ಅಳತೆಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಪಿನ್ನಿಗೂ ತೂತಿಗೂ ಮೊದಲ ಸಲ ಕೊಟ್ಟ ಓರೆ ಹೆಚ್ಚಾಯಿತು. ಏರು ಹತ್ತುವಾಗಲೇ ಪಿನ್ನುಗಳು ಜಾರಿ ಹೊರಬಂದು ಗರಗರ ಸದ್ದು ಮಾಡಿದವು. ಎರಡನೇ ಸಲ ಕಡಿಮೆಯಾಗಿ ಮತ್ತೆ ಸಿಕ್ಕಿಕೊಂಡವು. ಮೂರನೆಯದನ್ನು ಸಾಣೆ ಹಿಡಿದು, ಬೆರಳಿನಿಂದ ಸವರಿ, ಮತ್ತೆ ಸಾಣೆ ಹಿಡಿದು ಮಾಡಿದಳು. ಹಳೆಯ ಸ್ಪ್ರಿಂಗನ್ನೇ ವಾಪಸ್ಸು ಹಾಕಿದಳು. ಉಗುರಲ್ಲಿ ಹೋಗುವುದಕ್ಕೆ ಇಷ್ಟು ದಿನ ಕೊಡಲಿ ಎತ್ತಿದ್ದೆನಲ್ಲ ಎಂದು ಅವಳಿಗೇ ನಗು ಬಂತು.

ಮತ್ತೊಮ್ಮೆ ಪರೀಕ್ಷೆ ಮಾಡುವುದಕ್ಕೆ ಬಿಸಿಲಿನ ದಿನವನ್ನು ಅವಳು ಆರಿಸಲಿಲ್ಲ. ರಾತ್ರಿ ಚೆನ್ನಾಗಿ ಮಳೆ ಹೊಯ್ದ ಬೆಳಗ್ಗೆಯೇ ಬಂದಳು. ಹುಲ್ಲು ತೊಯ್ದು ತೊಪ್ಪೆಯಾಗಿತ್ತು. ಟ್ರೈಲರಿನ ತುಂಬ ಮಣ್ಣು ಹೇರಿಸಿದಳು. ಭಾವ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಪಟ್ಟಿಯ ಕಾಲನ್ನು ಗೊಬ್ಬರದ ಚೀಲದ ಮೇಲೆ ಚಾಚಿ, ಸಿನಿಮಾ ನೋಡಲು ಬಂದವರ ಹಾಗೆ ಕೂತಿದ್ದರು. ಇಕ್ಕಳ ಸೀಟಿನ ಕಡೆ ಹೆಜ್ಜೆ ಹಾಕುವಾಗ ಅಕ್ಕ ಅಡ್ಡ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನಾನು ಕೂರ್ತೀನಿ."

"ನೀನು ಯಾವತ್ತೂ ಓಡಿಸಿಲ್ಲವಲ್ಲ."

"ಅವರ ಕಾಲು ಸರಿಹೋಗೋವರೆಗೂ ಓಡಿಸೋಳು ನಾನೇ ತಾನೆ? ಕೆಟ್ಟರೆ ನನ್ನ ಕೈಯಲ್ಲೇ ಕೆಡಲಿ. ಯಾವುದು ತುಳಿಯಬೇಕು ಹೇಳು."

ಇಕ್ಕಳ ಹೇಳಿಕೊಟ್ಟಳು. ಅಕ್ಕ ಏರಿ ಕೂತು, ಗೇರು ಹಾಕಿದಳು. ಟ್ರ್ಯಾಕ್ಟರು ಒಮ್ಮೆ ಮುಗ್ಗರಿಸಿ ಹೊರಟಿತು. ಇಕ್ಕಳ ಸ್ವಲ್ಪ ದೂರ ಬಿಟ್ಟು ಪಕ್ಕದಲ್ಲೇ ನಡೆದಳು, ಕಣ್ಣು ಎಡಚಕ್ರದ ಮೇಲೆ. ಭಾವನ ಕಾಲು ಮುರಿದ ಜಾಗ ಬಂತು. ಚಕ್ರ ಜಾರಿತು, ಅರ್ಧ ಸುತ್ತು ನಿಂತಲ್ಲೇ ತಿರುಗಿತು.

"ಈಗ ತುಳಿ," ಎಂದಳು.

ಟಕ್. ಬಲಚಕ್ರ ಎಚ್ಚರಗೊಂಡಂತೆ ನೆಲವನ್ನು ಅಮುಕಿತು. ಎರಡೂ ಕೂಡಿ ಕೆಸರನ್ನು ಹಿಂದಕ್ಕೆ ಎಸೆದವು. ಗಾಡಿ ಅಷ್ಟೂ ಮಣ್ಣಿನ ಸಮೇತ ನಿಧಾನವಾಗಿ, ನಿಲ್ಲದೆ ಮೇಲಕ್ಕೆ ಹೋಯಿತು. ಅಕ್ಕನ ಬೆನ್ನು ಕೋಲಿನಷ್ಟು ನೇರವಾಗಿತ್ತು. ಅಂಚು ದಾಟಿ ಮೇಲಿನ ಹಂತ ಮುಟ್ಟಿದಾಗ, ಎದುರಿಗೆ ಅದೇ ಕುಂಡಗಳ ಸಾಲು.

"ಕಾಲು ತೆಗಿ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸು."

ಅಕ್ಕ ಸ್ಟೇರಿಂಗನ್ನು ಒಂಚೂರು ಅಲ್ಲಾಡಿಸಿದಳು. ಒಳಗೆ ಮತ್ತೆ ಟಕ್ ಎಂದಿತು, ಈ ಸಲ ಮೆತ್ತಗೆ. ಟ್ರ್ಯಾಕ್ಟರು ಕುಂಡಗಳ ಪಕ್ಕದಲ್ಲಿ ಸುತ್ತಿ, ಒಂದು ಎಲೆಗೂ ತಾಗದೆ, ಗೋಡೆಗೆ ಬೆನ್ನು ಮಾಡಿ ನಿಂತಿತು. ಕೆಳಗಿನಿಂದ ಭಾವನ ಚಪ್ಪಾಳೆ ಕೇಳಿಸಿತು, ಒಬ್ಬರೇ ಬಡಿಯುತ್ತಿದ್ದರೂ ಬಹಳ ಹೊತ್ತು.

ಅಕ್ಕ ಎಂಜಿನ್ನು ನಿಲ್ಲಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕೂತಳು. ಇಕ್ಕಳ ಹಿಂತಿರುಗಿ ಇಳಿಜಾರನ್ನು ನೋಡಿದಳು. ಒದ್ದೆ ಮಣ್ಣಿನಲ್ಲಿ ಎರಡು ಗೆರೆ ಬಿದ್ದಿದ್ದವು. ಬುಡದಿಂದ ಅರ್ಧದವರೆಗೆ ಒಂದು ಗೆರೆ ಆಳ, ಇನ್ನೊಂದು ತೇಲು. ಅಲ್ಲಿಂದ ಮೇಲಕ್ಕೆ ಎರಡೂ ಸಮ, ಟೈರಿನ ಹಲ್ಲು ಅಚ್ಚು ಅಚ್ಚಾಗಿ ಮೂಡಿತ್ತು. ಅವಳಿಗೆ ಎದೆ ತುಂಬಿ ಬಂತು. ಎಷ್ಟೋ ವರ್ಷ ಎಷ್ಟೋ ಜನರ ಪಂಪುಗಳನ್ನು ಅವಳು ಸರಿಮಾಡಿದ್ದಳು; ಅವೆಲ್ಲ ಯಾರೋ ಮಾಡಿದ್ದನ್ನು ಮೊದಲಿನ ಹಾಗೆ ಮಾಡುವ ಕೆಲಸ. ಇದು ಮೊದಲು ಇರಲೇ ಇಲ್ಲ. ಅವಳು ಮಾಡಿದ್ದರಿಂದ ಇತ್ತು.

"ಚೆನ್ನಾಗಿ ಮಾಡಿದ್ದೀಯ," ಅಕ್ಕ ಹೇಳಿದಳು. ಕೈಯಲ್ಲಿದ್ದ ಗ್ರೀಸನ್ನು ತನ್ನ ಸೆರಗಿಗೇ ಒರೆಸಿಕೊಂಡಳು. ಸೆರಗಿನ ವಿಷಯದಲ್ಲಿ ಅಕ್ಕ ಎಂಥವಳೆಂದು ಗೊತ್ತಿದ್ದ ಇಕ್ಕಳನಿಗೆ ಅದು ಮಾತಿಗಿಂತ ದೊಡ್ಡದಾಗಿ ಕಂಡಿತು.

ಮುಂದಿನ ವಾರಗಳಲ್ಲಿ ಗಿಡ ಕೊಳ್ಳಲು ಬಂದವರಿಗೆ ಗಿಡಕ್ಕಿಂತ ಮೊದಲು ಟ್ರ್ಯಾಕ್ಟರು ತೋರಿಸುವುದು ಅಕ್ಕನ ಅಭ್ಯಾಸವಾಯಿತು. "ನನ್ನ ತಂಗಿ ಮಾಡಿದ್ದು," ಎನ್ನುವಳು. "ಅಂಗಡೀಲಿ ಸಿಗಲ್ಲ ಇದು." ಗುಲಾಬಿ ಗಿಡಕ್ಕೆ ಬಂದ ಹೆಂಗಸೊಬ್ಬರು ಡಿಫರೆನ್ಷಿಯಲ್ಲಿನ ಕಥೆಯೆಲ್ಲ ಕೇಳಿ, ಸುಸ್ತಾಗಿ, ಗಿಡ ಮರೆತು ಹೋದರಂತೆ. ಟ್ರ್ಯಾಕ್ಟರು ಮಾರುವ ಅಂಗಡಿಯ ಮೆಕ್ಯಾನಿಕ್ಕು ಸುದ್ದಿ ಕೇಳಿ ನೋಡಲು ಬಂದ. ಪೆಡಲನ್ನು ತುಳಿದು ಬಿಟ್ಟು, ತುಳಿದು ಬಿಟ್ಟು, ಆಟಿಕೆ ಸಿಕ್ಕ ಮಗುವಿನ ಹಾಗೆ ಮಾಡಿದ. ಆಮೇಲೆ ಇಕ್ಕಳನ ಪಕ್ಕ ನೆಲದ ಮೇಲೇ ಕೂತು, ಪಿನ್ನಿನ ಓರೆ ಎಷ್ಟು, ಉಕ್ಕಿನ ಹದ ಹೇಗೆ ಎಂದು ಕೇಳಿದ. ಅವಳು ಒಂದನ್ನೂ ಬಚ್ಚಿಡದೆ ಹೇಳಿದಳು. ಹೋಗುವ ಮುಂಚೆ ಅವನು, "ನಮ್ಮ ಮಾವನ ಹತ್ತಿರ ಇಂಥದ್ದೇ ಒಂದು ಗಾಡಿ ಇದೆ ಮೇಡಂ, ಅದಕ್ಕೂ..." ಎಂದು ಎಳೆದ.

"ರಜಾದಿನ ಮಾತ್ರ ಅವಳು ಬಿಡುವಾಗಿರ್ತಾಳೆ," ಎಂದು ಅಕ್ಕನೇ ಉತ್ತರ ಕೊಟ್ಟಳು. "ಮೊದಲೇ ಹೇಳಿ ಬರಬೇಕು."

ಭಾವನ ಕಾಲು ಸರಿಹೋಯಿತು. ಆದರೆ ಟ್ರ್ಯಾಕ್ಟರಿನ ಸೀಟು ಅವರಿಗೆ ತಿರುಗಿ ಸಿಗಲಿಲ್ಲ, ಅಕ್ಕ ಬಿಟ್ಟುಕೊಡಲಿಲ್ಲ. ಒಂದು ಬೆಳಗ್ಗೆ ಇಕ್ಕಳ ಬಂದಾಗ ಮೇಲಿನ ಹಂತಕ್ಕೆ ಮಣ್ಣು ಹೊರಟಿತ್ತು. "ಹತ್ತು," ಎಂದಳು ಅಕ್ಕ. ಇಕ್ಕಳ ಟ್ರೈಲರು ಹತ್ತಿ, ತಂಪಾದ ಮಣ್ಣಿನ ಮೇಲೆ ಕಾಲು ಚಾಚಿ ಕೂತಳು. ಒದ್ದೆ ಏರು ಶುರುವಾಯಿತು. ಅಕ್ಕ ಯಾರೂ ಹೇಳದೆಯೇ, ಸರಿಯಾದ ಗಳಿಗೆಯಲ್ಲಿ ಪೆಡಲು ತುಳಿದಳು. ಇಕ್ಕಳ ಕಣ್ಣು ಮುಚ್ಚಿ, ಕೆಳಗೆ ಗೇರುಗಳು ಒಂದೇ ದನಿಯಲ್ಲಿ ಗುನುಗುವುದನ್ನು ಕೇಳುತ್ತ ಮೇಲಕ್ಕೆ ಹೋದಳು.